ಹುಬ್ಬಿ ಮಳೆಯ ಪಾಠ

ನಮ್ಮ ವಿದ್ಯಾಸಂಸ್ಥೆಯ ಸಂಸ್ಮರಣ ಸಂಪುಟಕ್ಕೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ಕನ್ನಡ ಪಂಡಿತನಾದ ನನ್ನಿಂದ ಅವರು ನಿರೀಕ್ಷಿಸಿದುದು ವ್ಯಾಕರಣವನ್ನೋ ಛಂದಸ್ಸನ್ನೋ ಕುರಿತ ಬರಹವನ್ನಿರಬೇಕು. ನಾನೂ ಕೇಶಿರಾಜನ ಅಪಭ್ರಂಶ ಪ್ರಕರಣವನ್ನು ಕುರಿತು ನಾಲ್ಕು ಪುಟ ಬರೆದಿಟ್ಟಿದ್ದೆನು. ಆದರೆ ಅದನ್ನು ತಿದ್ದಲು ಕುಳಿತಾಗಲೆಲ್ಲ ಮೂರು ದಿನಗಳ ನೆನಪೊಂದು ಅಡ್ಡ ಬಂದು ನಿಲ್ಲುತ್ತಿತ್ತು. ಕೊನೆಗೆ ಆ ಪುಟಗಳನ್ನು ಬದಿಗಿರಿಸಿ ಆ ನೆನಪನ್ನೇ ಬರೆಯಲು ತೊಡಗಿದ್ದೇನೆ. ಪ್ರಕರಣ ಅದೇ, ಉದಾಹರಣೆ ಮಾತ್ರ ಹೊಲದಿಂದ ಬಂದುದು.

2024ನೆಯ ಡಿಸೆಂಬರ್ ತಿಂಗಳಲ್ಲಿ ಮೈಸೂರಿನಲ್ಲಿರುವ ನನ್ನ ಹಳೆಯ ಸಹಪಾಠಿಯೊಬ್ಬರಿಂದ ಕಾಗದ ಬಂದಿತು. ಅಮೆರಿಕದಿಂದ ಬಂದು ಅಲ್ಲಿ ಕನ್ನಡವನ್ನು ಅಭ್ಯಾಸ ಮಾಡುತ್ತಿದ್ದ ಒಬ್ಬ ವಿದ್ಯಾರ್ಥಿನಿಗೆ ಉತ್ತರ ಕರ್ನಾಟಕದ ಒಂದು ಮನೆಯಲ್ಲಿ ಎರಡು ಮೂರು ದಿನ ಇದ್ದು, ಇಲ್ಲಿಯ ಮಾತನ್ನೂ ಊಟವನ್ನೂ ಹೊಲವನ್ನೂ ಕಾಣುವ ಬಯಕೆಯಿದೆ; ನಿಮ್ಮಲ್ಲಿ ಇರಿಸಿಕೊಳ್ಳಬಹುದೇ ಎಂದು ಅವರು ಕೇಳಿದ್ದರು. 1961ರಲ್ಲಿ ಸ್ಥಾಪಿತವಾದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಎಂಬ ಸಂಸ್ಥೆಯು ತನ್ನ ದೇಶದ ವಿದ್ಯಾರ್ಥಿಗಳಿಗೆ ಭಾರತದ ಭಾಷೆಗಳನ್ನು ಆಯಾ ನಾಡಿನಲ್ಲಿಯೇ ಕಲಿಸುವ ಏರ್ಪಾಡು ಮಾಡಿದೆ. ಕನ್ನಡಕ್ಕೆ ಅದರ ನೆಲೆ ಮೈಸೂರು. ಈಕೆ ಅಲ್ಲಿಯ ವಿದ್ಯಾರ್ಥಿನಿ. ಮನೆಯವರನ್ನು ಕೇಳಿದೆನು. “ಬರಲಿ ಬಿಡ್ರಿ, ಎಳ್ಳಮಾಸಿಗೆ ಹೆಣ್ಣಮಗಳೊಬ್ಬಾಕಿ ಮನಿಗೆ ಬಂದಂಗಾತು” ಎಂದು ಅವರು ಅಂದುಬಿಟ್ಟರು. ಆ ವರ್ಷ ಎಳ್ಳಮಾವಾಸ್ಯೆ ಡಿಸೆಂಬರ್ 30, ಸೋಮವಾರ ಬಂದಿತ್ತು.

ಪರದೇಶದವರು ಕನ್ನಡವನ್ನು ಅರಸಿಕೊಂಡು ನಮ್ಮ ಸೀಮೆಗೆ ಬರುವುದು ಹೊಸದೇನೂ ಅಲ್ಲ. 1853ರಲ್ಲಿ, ಇನ್ನೂ ಇಪ್ಪತ್ತೊಂದರ ತರುಣನಾಗಿದ್ದ ಫರ್ಡಿನಂಡ್ ಕಿಟ್ಟೆಲ್ ಜರ್ಮನಿಯಿಂದ ಹೊರಟು ಈ ಧಾರವಾಡದ ಕಡೆಗೇ ಬಂದನು. ಬಂದುದು ಧರ್ಮಪ್ರಚಾರಕ್ಕಾದರೂ ಅವನ ಮನಸ್ಸನ್ನು ಸೆರೆಹಿಡಿದುದು ಕನ್ನಡ. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಅಚ್ಚು ಮಾಡಿಸಿದನು, 1894ರಲ್ಲಿ ಸುಮಾರು 70,000 ಶಬ್ದಗಳ ಮಹಾನಿಘಂಟನ್ನು ಮಂಗಳೂರಿನಲ್ಲಿ ಮುದ್ರಿಸಿ ನಮ್ಮ ಕೈಗಿತ್ತನು. ಆ ನಿಘಂಟಿನಲ್ಲಿ ಕಾವ್ಯದ ಮಾತುಗಳಷ್ಟೇ ಇಲ್ಲ. ನಮ್ಮ ಭಾಗದ ಆಡುಮಾತುಗಳನ್ನು, ಅಂದಿನ ವಾಡಿಕೆಯಂತೆ ‘ದಕ್ಷಿಣ ಮರಾಠಾ ಸೀಮೆ’ಯವೆಂಬ ಗುರುತು ಹಾಕಿ, ಅವನು ಅವುಗಳ ಪಂಕ್ತಿಯಲ್ಲಿಯೇ ಕೂಡಿಸಿದ್ದಾನೆ. ಈ ಸಂಗತಿಯನ್ನು ನಾನು ಪ್ರತಿವರ್ಷ ರಾಜ್ಯೋತ್ಸವದ ಭಾಷಣದಲ್ಲಿ ಹೆಮ್ಮೆಯಿಂದ ಹೇಳುತ್ತ ಬಂದವನು. ಹೇಳುವುದು ಬೇರೆ, ಅದರಂತೆ ನಡೆಯುವುದು ಬೇರೆ ಎಂಬುದನ್ನು ವಾಚಕರು ಮುಂದೆ ಕಾಣುವರು.

ಶನಿವಾರ ಸಂಜೆ ಆಕೆ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದಿಳಿದಳು. ಬೆನ್ನಿಗೊಂದು ಚೀಲ, ಕೈಯಲ್ಲೊಂದು ನೋಟುಬುಕ್ಕು. “ನಮಸ್ಕಾರ ಗುರುಗಳೇ, ತಮಗೆ ತೊಂದರೆ ಕೊಡುತ್ತಿದ್ದೇನೆ” ಎಂದು ಅಚ್ಚುಕಟ್ಟಾದ ಗ್ರಂಥಭಾಷೆಯಲ್ಲಿ ನುಡಿದಳು. ನನಗೆ ಪರಮ ಸಂತೋಷವಾಯಿತು. ಒಳಗಿನಿಂದ ಬಂದ ನನ್ನವರು “ಬಾರವಾ ತಂಗಿ, ದಣದು ಬಂದಿ, ಕೈಕಾಲು ತೊಳಕೋ” ಎಂದಾಗ ಆಕೆ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ನಕ್ಕು ಬಚ್ಚಲಿಗೆ ನಡೆದಳು. ಪಡಸಾಲೆಯಲ್ಲಿ ನಮ್ಮೂರಿನ ಜಮಖಾನವನ್ನು ಹಾಸಿದ್ದೆವು. ಅದರ ಮೇಲಿನ ನವಿಲುಗಳನ್ನು ಬೆರಳಿನಿಂದ ಸವರುತ್ತ ಆಕೆ ಬಹಳ ಹೊತ್ತು ಕುಳಿತಿದ್ದಳು. ಇದನ್ನು ನೇಯುವವರು ಈ ಊರಿನ ಮುಸಲ್ಮಾನ ಮನೆತನಗಳ ಹೆಣ್ಣುಮಕ್ಕಳೆಂದೂ, ಇದಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆಯೆಂದೂ, ನೇಯುವ ಕೈಗಳು ಮಾತ್ರ ಕಡಿಮೆಯಾಗುತ್ತಿವೆಯೆಂದೂ ಹೇಳಿದೆನು.

ಮರುದಿನ ಆದಿತ್ಯವಾರವನ್ನೆಲ್ಲ ಅಡುಗೆಮನೆ ತೆಗೆದುಕೊಂಡಿತು. “ಬಾರವಾ, ರೊಟ್ಟಿ ಬಡಿಯೂಣು” ಎಂದು ನನ್ನವರು ಕರೆದರೆ, ಆಕೆ ನನ್ನ ಕಡೆಗೆ ತಿರುಗಿ “ಗುರುಗಳೇ, ರೊಟ್ಟಿ ಏನು ತಪ್ಪು ಮಾಡಿತು?” ಎಂದು ಕೇಳಿದಳು. ಮೈಸೂರಿನವರು ತಟ್ಟುವ ರೊಟ್ಟಿಯನ್ನು ಧಾರವಾಡದವರು ಬಡಿಯುತ್ತಾರೆಂದು ವಿವರಿಸಬೇಕಾಯಿತು. ಆಕೆ ಅದನ್ನು ಬರೆದುಕೊಂಡಳು. ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುವಾಗ ಒಂದು ಮಾತು, ಶೇಂಗಾ ಹೋಳಿಗೆಗೆ ಹೂರಣ ತುಂಬುವಾಗ ಒಂದು ಮಾತು, ಗುರೆಳ್ಳು ಹಿಂಡಿ ಕುಟ್ಟುವಾಗ ಒಂದು ಮಾತು. ಸಂಜೆಗೆ ಆಕೆಯ ನೋಟುಬುಕ್ಕಿನಲ್ಲಿ ನಾಲ್ಕು ಪುಟ ತುಂಬಿದ್ದವು. ಅವುಗಳಲ್ಲಿ ನಾನು ಹೇಳಿದ ಮಾತುಗಳು ಮೂರೋ ನಾಲ್ಕೋ. ಉಳಿದುವೆಲ್ಲ ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನನ್ನ ಮನೆಯವರದು. ಇದು ನನಗೆ ಸ್ವಲ್ಪ ಇರುಸುಮುರುಸನ್ನುಂಟುಮಾಡಿತೆಂದು ಒಪ್ಪಿಕೊಳ್ಳಲೇಬೇಕು.

ಸೋಮವಾರ ಹೊಲಕ್ಕೆ ಹೋಗುವ ದಿನ. ನನಗೆ ಸ್ವಂತ ಭೂಮಿಯಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪ್ರತಿವರ್ಷವೂ ಚರಗಕ್ಕೆ ಕರೆಯುತ್ತಾನೆ. ನಾನು ಹೋದುದು ಕಡಿಮೆ. ಅವನ ಮಗಳು ಈಗ ನಮ್ಮ ಶಾಲೆಯ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಟ್ರ್ಯಾಕ್ಟರಿನ ಈ ಕಾಲದಲ್ಲಿಯೂ ಅವನು ಒಂದು ಜೊತೆ ಎತ್ತು ಕಟ್ಟಿದ್ದಾನೆ. ಚಕ್ಕಡಿ ಹೂಡಿಕೊಂಡು ಬಾಗಿಲಿಗೇ ಬಂದು “ಬರ್ರಿ ಸರ. ಅಕ್ಕಾರ, ನೀವೂ ಬರ್ರಿ” ಎಂದು ಕೈಮುಗಿದನು. ಬುತ್ತಿಯ ಗಂಟುಗಳೊಡನೆ ನಾವೆಲ್ಲರೂ ಹತ್ತಿ ಕುಳಿತೆವು.

ಊರು ದಾಟಿದೊಡನೆ ಕಣ್ಣು ಹರಿದಷ್ಟು ದೂರ ಎರೆಭೂಮಿ. ತೆನೆ ಹಿರಿದ ಬಿಳಿಜೋಳ, ಅದರ ಮಗ್ಗುಲಲ್ಲಿ ಕಡಲೆ, ಗೋಧಿ, ಅಂಚಿಗೆ ಮುಳ್ಳು ಬಿಟ್ಟ ಕುಸುಬೆ. ಇಷ್ಟು ವಿಶಾಲವಾದ ಹೊಲಗಳಿಗೆ ನೀರೆಲ್ಲಿಯದು ಎಂದು ಆಕೆ ಕೇಳಿದಳು. ಮಲಪ್ರಭೆಯ ಕಾಲುವೆಯ ಕಥೆಯನ್ನು ಹೇಳಿದೆನು. ನೀರಿಗಾಗಿ, ನೀರಿನ ಕರಕ್ಕಾಗಿ ಎದ್ದ ರೈತ ಚಳವಳಿಯಲ್ಲಿ 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗುಂಡಿಗೆ ರೈತರು ಬಲಿಯಾದುದನ್ನೂ, ಇಂದಿಗೂ ಆ ದಿನವನ್ನು ಇಲ್ಲಿಯ ಜನ ಮರೆಯದೆ ಆಚರಿಸುವುದನ್ನೂ ಹೇಳಿದೆನು. ಎತ್ತು ಹೊಡೆಯುತ್ತಿದ್ದವನು ತಿರುಗದೆಯೇ “ಕಾಲಿವಿ ನೀರು ಬಂದಾಗ ಬಂತ್ರಿ. ನಮಗ ನಂಬಿಗಿ ಮಳಿ ಮ್ಯಾಲ” ಎಂದನು.

ಹೊಲದಲ್ಲಿ ಐದು ಕಲ್ಲುಗಳನ್ನು ಸಾಲಾಗಿ ಇಟ್ಟು, ಪಾಂಡವರೆಂದು ಭಾವಿಸಿ ಸುಣ್ಣ ಬಳಿದು ಕುಂಕುಮ ಹಚ್ಚಿ ಪೂಜೆ ಮಾಡಿದರು. ಅವನ ತಾಯಿ ಎಡೆ ಹಿಡಿದರು. ಬಳಿಕ ಅವನು ಬುಟ್ಟಿಯಿಂದ ಅನ್ನ, ರೊಟ್ಟಿ, ಪಲ್ಲೆಗಳ ಚರಗವನ್ನು ತೆಗೆದು, ಭೂಮಿತಾಯಿಯ ಉಡಿ ತುಂಬುವವನಂತೆ ಹೊಲದ ಸುತ್ತ ಚೆಲ್ಲುತ್ತ ನಡೆದನು. ಮಗಳು ಚರಿಗೆಯಿಂದ ನೀರು ಸಿಂಪಡಿಸುತ್ತ ಹಿಂದೆ ಹೋದಳು. ನಮ್ಮ ಅತಿಥಿಯೂ ಚಪ್ಪಲಿ ಕಳಚಿಟ್ಟು ಅವರ ಜೊತೆಗೆ ನಡೆದಳು. ಬಿಸಿಲೇರುವ ಹೊತ್ತಿಗೆ ಎಲ್ಲರೂ ಬನ್ನಿಯ ಮರದ ನೆರಳಿನಲ್ಲಿ ಸಾಲಾಗಿ ಉಣಲು ಕುಳಿತೆವು. ಎಣ್ಣೆಗಾಯಿ, ಪುಂಡಿಪಲ್ಲೆ, ಮಡಿಕೆಕಾಳು, ಮೊಸರು, ಹೋಳಿಗೆ. ಆ ಊಟವನ್ನು ವರ್ಣಿಸುವುದು ವ್ಯಾಕರಣ ಬಲ್ಲವನ ಕೆಲಸವಲ್ಲ.

ಊಟವಾದ ಮೇಲೆ ಆಕೆ ನೋಟುಬುಕ್ಕು ತೆರೆದು “ನಿಮ್ಮ ಹೊಲಕ್ಕೆ ಮಳೆ ಯಾವಾಗ ಬರುತ್ತದೆ?” ಎಂದು ಅವನನ್ನು ಕೇಳಿದಳು.

“ಯಾವ ಮಳಿ ಅಕ್ಕಾರ?” ಎಂದು ಅವನು ಮರುಪ್ರಶ್ನೆ ಮಾಡಿದನು.

ಮಳೆಗೆ ಹೆಸರಿದೆಯೆಂಬುದು ಆಕೆಗೆ ಹೊಸ ಸಂಗತಿ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವನು. ಆಗ ಬೀಳುವ ಮಳೆಗೆ ಆ ನಕ್ಷತ್ರದ್ದೇ ಹೆಸರು. ಅವನು ಬೆರಳೆಣಿಸುತ್ತ ಹೇಳತೊಡಗಿದನು: ರೋಣಿ, ಮಿರಗ, ಅಸಲಿ, ಮಗಿ, ಹುಬ್ಬಿ, ಉತ್ತರಿ, ಚಿತ್ತಿ. ಯಾವ ಮಳೆಗೆ ಯಾವ ಬೀಜ, ಯಾವ ಮಳೆ ತಪ್ಪಿದರೆ ಯಾವ ಬೆಳೆ ಹೋಯಿತು ಎಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳಿದನು. “ಈ ಹೊಲಕ್ಕ ಹುಬ್ಬಿ, ಉತ್ತರಿ ಎರಡು ಚಲೋತ್ನಾಗಿ ಆದ್ರ ಸಾಕ್ರಿ. ಹಿಂಗಾರಿ ಜ್ವಾಳಕ್ಕ ಹದ ಸಿಗತೈತಿ.”

“ಹುಬ್ಬಿ ಎಂದರೆ ಏನು?” ಎಂದಳು ಆಕೆ.

ಅವನು ನನ್ನ ಮುಖವನ್ನು ನೋಡಿ ನಕ್ಕನು. “ಅದನ್ನ ಸರನ್ನ ಕೇಳ್ರಿ ಅಕ್ಕಾರ. ನಾ ಶಾಲ್ಯಾಗ ಅದನ್ನ ಬರದು ಸೊನ್ನಿ ತಗೊಂಡಾಂವ.”

ನಾನು ಮರೆತಿದ್ದೆನು. ಅವನು ಮರೆತಿರಲಿಲ್ಲ. ಅವನು ಹೇಳಿದಂತೆ ಹೇಳಿದಂತೆ ನನಗೂ ಎಲ್ಲವೂ ಕಣ್ಣ ಮುಂದೆ ಬಂದಿತು. ಈ ಸಂಸ್ಥೆಗೆ ಬರುವ ಮುನ್ನ ಹಳ್ಳಿಯೊಂದರ ಶಾಲೆಯಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾಲವದು. ಪಂಡಿತ ಪದವಿಯ ಬಿಸಿ ಇನ್ನೂ ಆರಿರಲಿಲ್ಲ. ಎಂಟನೆಯ ತರಗತಿಗೆ ‘ಮಳೆಗಾಲ’ವೆಂಬ ಪ್ರಬಂಧ ಬರೆಯಲು ಹೇಳಿದ್ದೆನು. ಉಳಿದ ಹುಡುಗರೆಲ್ಲ ನಾನು ಹೇಳಿಕೊಟ್ಟಿದ್ದ ಕಾರ್ಮುಗಿಲು, ಮಿಂಚು, ನರ್ತಿಸುವ ನವಿಲುಗಳನ್ನು ಬರೆದರೆ, ಇವನೊಬ್ಬನು ತನ್ನ ತಂದೆ ಹುಬ್ಬಿ ಮಳೆಗಾಗಿ ಹೊಲದ ಬದುವಿನಲ್ಲಿ ಕುಳಿತು ಮುಗಿಲು ನೋಡುತ್ತಿದ್ದುದನ್ನು ಬರೆದಿದ್ದನು. ‘ಹುಬ್ಬಿ’ ಎಂದಿದ್ದಲ್ಲೆಲ್ಲ ನಾನು ಕೆಂಪು ಮಸಿಯಿಂದ ಸುತ್ತು ಹಾಕಿ ‘ಗ್ರಾಮ್ಯ’ ಎಂದು ಬರೆದೆನು. ಅಷ್ಟಕ್ಕೇ ಬಿಡಲಿಲ್ಲ. ಅವನನ್ನು ಎದ್ದು ನಿಲ್ಲಿಸಿ, “ಏನಪ್ಪಾ, ನಿಮ್ಮ ಊರಿನಲ್ಲಿ ಮಳೆ ಹುಬ್ಬಿನಿಂದ ಸುರಿಯುತ್ತದೆಯೋ?” ಎಂದು ನನ್ನ ಹುಬ್ಬನ್ನು ಮುಟ್ಟಿ ತೋರಿಸಿದೆನು. ತರಗತಿ ಘೊಳ್ಳೆಂದು ನಕ್ಕಿತು. ಮರುವರ್ಷ ಅವನು ಶಾಲೆಯಲ್ಲಿರಲಿಲ್ಲ.

ಬನ್ನಿಯ ನೆರಳಿನಲ್ಲಿ ಕೆಲಹೊತ್ತು ಯಾರೂ ಮಾತನಾಡಲಿಲ್ಲ. ಆಕೆ ಲೇಖನಿ ಹಿಡಿದು ಕಾದಿದ್ದಳು. ಉತ್ತರ ಕೊಡಬೇಕಾದವನು ನಾನು. ಕೊಟ್ಟೆನು. ಪೂರ್ವಾಫಲ್ಗುನಿಯೆಂಬ ನಕ್ಷತ್ರದ ಮೊದಲ ಪದ ಪೂರ್ವಾ. ಅದು ಪ್ರಾಕೃತದ ಹಾದಿ ಹಿಡಿದು ಪುಬ್ಬೆಯಾಯಿತು. ನಮ್ಮ ಪಂಚಾಂಗಗಳು ‘ಪುಬ್ಬಾ’ ಎಂದೇ ಅಚ್ಚು ಹಾಕುತ್ತವೆ. ಹಳಗನ್ನಡದ ಪಾಲ್ ಹಾಲಾದಂತೆ, ಪಂದಿ ಹಂದಿಯಾದಂತೆ, ಪುಬ್ಬೆ ಹುಬ್ಬೆಯಾಯಿತು. ಮಳೆಯನ್ನು ಮಳಿ, ಮನೆಯನ್ನು ಮನಿ ಎನ್ನುವ ನಮ್ಮ ಸೀಮೆಯ ನಾಲಿಗೆಯಲ್ಲಿ ಹುಬ್ಬೆ ಹುಬ್ಬಿಯಾಯಿತು. ಮಾತಿನ ನಿಯಮಗಳಲ್ಲಿ ಒಂದೂ ಮುರಿದಿಲ್ಲ. ಕಾರ್ಯ ಕಜ್ಜವಾಯಿತು, ವರ್ಷ ಬರಿಸವಾಯಿತು, ಸ್ಥಾನ ತಾಣವಾಯಿತು ಎಂದು ಮೂವತ್ತು ವರ್ಷಗಳಿಂದ ಹಲಗೆಯ ಮೇಲೆ ಬರೆಸಿದ ತದ್ಭವಗಳಿಗೆ ಇದಕ್ಕಿಂತ ಸುಂದರವಾದ ಉದಾಹರಣೆ ಇರಲಾರದು. ಆ ಉದಾಹರಣೆ ತಾನಾಗಿಯೇ ನನ್ನ ಮೇಜಿಗೆ ಬಂದಿತ್ತು. ನಾನು ಅದಕ್ಕೆ ಸೊನ್ನೆ ಹಾಕಿದ್ದೆನು.

ಆಕೆ ಎಲ್ಲವನ್ನೂ ಬರೆದುಕೊಂಡು, ಯಾವ ಕೊಂಕೂ ಇಲ್ಲದೆ ಕೇಳಿದಳು: “ಹಾಗಾದರೆ ಇವರು ಬರೆದದ್ದು ತಪ್ಪಲ್ಲ, ಅಲ್ಲವೇ ಗುರುಗಳೇ?”

“ತಪ್ಪಲ್ಲ” ಎಂದೆನು. ಬಳಿಕ ಅವನ ಕಡೆಗೆ ತಿರುಗಿ, “ತಪ್ಪು ಮಾಡಿದವನು ನಾನಪ್ಪಾ. ಇಷ್ಟು ವರ್ಷ ನನಗೆ ಹೊಳೆಯಲೂ ಇಲ್ಲ” ಎಂದೆನು.

ಅವನು ಗಡಬಡಿಸಿ ಎದ್ದು ನಿಂತನು. “ಛೇ, ಹಂಗನಬ್ಯಾಡ್ರಿ ಸರ. ಅದಕ್ಕ ಶಾಲಿ ಬಿಟ್ಟೆ ಅಂತಲ್ರಿ. ಮನ್ಯಾಗ ಅಡಚಣಿ ಇತ್ತು, ಅಪ್ಪಗ ಆರಾಮಿರಲಿಲ್ಲ.” ಸ್ವಲ್ಪ ಸುಮ್ಮನಿದ್ದು, ಎತ್ತಿನ ಕಡೆ ನೋಡುತ್ತ, “ಆದ್ರ ಆಮ್ಯಾಲ ಏನರ ಬರೀಬೇಕಂದ್ರ ಕೈ ಬರಲಿಲ್ರಿ” ಎಂದನು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ.

ನನ್ನ ಕಿಸೆಯಲ್ಲಿದ್ದ ಟಿಪ್ಪಣಿ ಪುಸ್ತಕವನ್ನು ಅವನ ಮುಂದೆ ಹಿಡಿದು, ಮುಂಗಾರಿನಿಂದ ಹಿಂಗಾರಿಯವರೆಗಿನ ಎಲ್ಲ ಮಳೆಗಳ ಹೆಸರುಗಳನ್ನು ಬರೆದುಕೊಡು ಎಂದೆನು. ಅವನು ಕೈ ಹಿಂದೆ ತೆಗೆದುಕೊಂಡನು. “ನೀವ ಬರಕೋರಿ ಸರ, ನಾ ಹೇಳತೀನಿ.” ಅಂತೆಯೇ ಆಯಿತು. ಅಶ್ವಿನಿಯಿಂದ ವಿಶಾಖೆಯವರೆಗಿನ ಹದಿನಾರು ಮಳೆಗಳನ್ನು ಅವನು ಉಕ್ತಲೇಖನ ಹೇಳಿದನು, ನಾನು ಬರೆದೆನು. ಅವನು ಹೇಗೆ ಅಂದನೋ ಹಾಗೆಯೇ ಬರೆದೆನು, ಒಂದಕ್ಷರವನ್ನೂ ತಿದ್ದಲಿಲ್ಲ.

ಮಂಗಳವಾರ ಬೆಳಿಗ್ಗೆ ನಮ್ಮ ಅತಿಥಿ ಹೊರಟುನಿಂತಳು. ನನ್ನವರು ಉಡಿ ತುಂಬಿ, ರೊಟ್ಟಿ ಹಿಂಡಿಗಳ ಗಂಟನ್ನು ಕೊಟ್ಟರು. ಆಕೆ ಬಸ್ಸಿನ ಮೆಟ್ಟಿಲೇರುತ್ತ “ಹೋಗಿ ಬರ್ತೀನ್ರೀ ಅವ್ವಾರ” ಎಂದಳು. ಮೂರು ದಿನಗಳ ಕೆಳಗೆ ಆ ಬಾಯಿಂದ ಅಂಥ ಮಾತು ಬಂದಿದ್ದರೆ ನಾನು ತಿದ್ದುತ್ತಿದ್ದೆನೋ ಏನೋ.

ಗ್ರಂಥಭಾಷೆಯ ಶಿಸ್ತನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಪರೀಕ್ಷೆಯಲ್ಲಿ, ಪತ್ರವ್ಯವಹಾರದಲ್ಲಿ, ನಾಡಿನ ನಾಲ್ಕು ಮೂಲೆಗಳ ಕನ್ನಡಿಗರೊಡನೆ ವ್ಯವಹರಿಸುವಲ್ಲಿ ಅದು ಬೇಕೇ ಬೇಕು. ಅದನ್ನು ಕಲಿಸುವುದು ನನ್ನ ಕರ್ತವ್ಯ. ಆದರೆ ಮಗುವು ಮನೆಯಿಂದ ತಂದ ಮಾತನ್ನು ಹೊಡೆದುಹಾಕದೆ, ಅದರ ಬದಿಯಲ್ಲಿ ಗ್ರಂಥದ ಮಾತನ್ನು ಬರೆದರೆ ಎರಡೂ ಉಳಿಯುತ್ತವೆ. ಈಗ ನನ್ನ ಕೆಂಪು ಮಸಿ ಅಷ್ಟನ್ನೇ ಮಾಡುತ್ತಿದೆ. ನನ್ನ ಸಹೋದ್ಯೋಗಿ ಬಂಧುಗಳು ಇದನ್ನು ಪರಿಶೀಲಿಸಬೇಕೆಂದು ವಿನಂತಿ.

ದಾನಿಗಳ ಔದಾರ್ಯದಿಂದ ನಮ್ಮ ಗ್ರಂಥಾಲಯಕ್ಕೆ ಬಂದ ಕಪಾಟಿನಲ್ಲಿ ಕಿಟ್ಟೆಲನ ನಿಘಂಟಿನ ಮಗ್ಗುಲಿಗೆ ಇನ್ನೂರು ಪುಟಗಳ ಒಂದು ನೋಟುಬುಕ್ಕನ್ನು ಇರಿಸಿದ್ದೇನೆ. ಮಕ್ಕಳು ವಾರಕ್ಕೆ ಐದು ಮಾತುಗಳನ್ನು ಅಜ್ಜ ಅಜ್ಜಿಯರಿಂದ ಕೇಳಿ ತಂದು ಅದರಲ್ಲಿ ಬರೆಯುತ್ತಾರೆ: ಒಕ್ಕಲುತನದ ಮಾತು, ಅಡುಗೆಯ ಮಾತು, ಮಗ್ಗದ ಮಾತು. ಮೊದಲ ಪುಟದಲ್ಲಿ ಹದಿನಾರು ಮಳೆಗಳಿವೆ. ಹಳೆಯ ವಿದ್ಯಾರ್ಥಿಗಳು ಶಾಲೆಗೆ ಬಂದಾಗ ಅದನ್ನು ತೆರೆದು ತಮ್ಮ ಮನೆಯ ಒಂದೆರಡು ಮಾತುಗಳನ್ನು ಸೇರಿಸಿ ಹೋಗಬೇಕು. ಹನ್ನೊಂದನೆಯ ಮಳೆಯ ಎದುರಿಗೆ, ನಾನು ಬರೆದುದರ ಕೆಳಗೆ, ಅವನ ಮಗಳು ತನ್ನ ದುಂಡಗಿನ ಅಕ್ಷರದಲ್ಲಿ ಹೀಗೆ ಸೇರಿಸಿದ್ದಾಳೆ: ‘ಹುಬ್ಬಿ. ನಮ್ಮ ಅಪ್ಪ ಹೇಳಿದ್ದು.’