ರಾಗಿ ಕಾಳಿನಷ್ಟು ಮಿದುಳು, ಎರಡು ಸೂಕ್ಷ್ಮದರ್ಶಕ

ಪ್ರೀತಿಯ ಮೇಷ್ಟ್ರೇ,

ನಿಮ್ಮ ಕಾಗದ ಬಂದು ಹದಿನೈದು ದಿನವಾಯಿತು, ಉತ್ತರ ತಡವಾದದ್ದಕ್ಕೆ ಬೈಯಬೇಡಿ. ಬರ್ಲಿನ್‌ನಲ್ಲಿ ನೋಲ್ ಮತ್ತು ರುಸ್ಕಾ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕಟ್ಟಿದ್ದು 1931ರಲ್ಲಿ. ‘ಅದು ಬಂದು ಇಷ್ಟು ವರ್ಷವಾದ ಮೇಲೂ, ನಾನು ಈರುಳ್ಳಿ ಸಿಪ್ಪೆ ಇಟ್ಟು ಮಕ್ಕಳಿಗೆ ತೋರಿಸುತ್ತಿದ್ದ ಬೆಳಕಿನ ಸೂಕ್ಷ್ಮದರ್ಶಕಕ್ಕೆ ದೊಡ್ಡ ಲ್ಯಾಬುಗಳಲ್ಲಿ ಇನ್ನೂ ಏನು ಕೆಲಸ?’ ಎಂದು ಕೇಳಿದ್ದೀರಿ.

ಒಂದು ಚಿಟ್ಟಿಲಿಯ ಕಥೆ ಹೇಳುತ್ತೇನೆ. ಅಮೆರಿಕದ ಹ್ಯೂಸ್ಟನ್‌ನ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಅದನ್ನು ಪುಟ್ಟ ಟ್ರೆಡ್‌ಮಿಲ್ ಮೇಲೆ ನಿಲ್ಲಿಸಿ ಸಿನಿಮಾ ತೋರಿಸಿದರು. ತಮಾಷೆಯಲ್ಲ, ‘ದಿ ಮ್ಯಾಟ್ರಿಕ್ಸ್’ ಚಿತ್ರದ ತುಣುಕುಗಳೂ ಅದರಲ್ಲಿದ್ದವು. ನರಕೋಶ ಚುರುಕಾದಾಗಲೆಲ್ಲ ಹಸಿರಾಗಿ ಹೊಳೆಯುವ ಪ್ರೋಟೀನು ಆ ಇಲಿಯ ಮಿದುಳಿನಲ್ಲಿ ತಯಾರಾಗುವಂತೆ ಮೊದಲೇ ವಂಶವಾಹಿ ತಿದ್ದಿದ್ದರು. ಆ ಹಸಿರು ಮೂಲತಃ ಜೆಲ್ಲಿ ಮೀನಿನದು. ನೋಟಕ್ಕೆ ಸಂಬಂಧಿಸಿದ ಭಾಗದ ಸುಮಾರು 75,000 ನರಕೋಶಗಳಲ್ಲಿ ಯಾವುದು ಯಾವ ದೃಶ್ಯಕ್ಕೆ ಮಿನುಗಿತು ಎಂಬುದು ಲೇಸರ್ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ದಾಖಲಾಯಿತು. ಇಲಿ ಬದುಕಿರುವಾಗಲೇ, ಅದು ನೋಡುತ್ತಿರುವಾಗಲೇ.

ಬೆಳಕು ಅಲ್ಲಿಗೆ ಸೋಲುತ್ತದೆ. ಸುಮಾರು 200 ನ್ಯಾನೊಮೀಟರ್‌ಗಿಂತ ಹತ್ತಿರವಿರುವ ಎರಡು ಚುಕ್ಕಿಗಳು ಸಾಮಾನ್ಯ ಮಸೂರಕ್ಕೆ ಒಂದೇ ಮಸುಕು ಚುಕ್ಕಿಯಾಗಿ ಕಾಣುತ್ತವೆಂದು ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ 1873ರಲ್ಲೇ ಲೆಕ್ಕ ಕೊಟ್ಟಿದ್ದ. ಎರಡು ನರಕೋಶಗಳು ಮಾತಾಡಿಕೊಳ್ಳುವ ಸಿನಾಪ್ಸ್‌ನ ಸಂದು 20 ನ್ಯಾನೊಮೀಟರ್ ಆಸುಪಾಸಿನದು. ಮಿನುಗಿದ್ದು ಯಾರೆಂದು ಗೊತ್ತು, ಅವರಿಗೆ ಯಾರ ಜೊತೆ ನಂಟು ಎಂಬುದು ಗೊತ್ತಿಲ್ಲ.

ಆಮೇಲೆ ಇಲಿಯನ್ನು ಕೊಂದರು. ಅದನ್ನು ಮುಚ್ಚಿಟ್ಟು ಬರೆಯಲು ನನಗೆ ಮನಸ್ಸಿಲ್ಲ. ಮಿದುಳಿನ ಒಂದು ಘನ ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ರಾಗಿ ಕಾಳಿನಷ್ಟು ಭಾಗ, ಸಿಯಾಟಲ್‌ನ ಆಲೆನ್ ಸಂಸ್ಥೆಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಸಿದ್ಧವಾಯಿತು. ಜೀವಕೋಶ ತನ್ನಷ್ಟಕ್ಕೆ ಎಲೆಕ್ಟ್ರಾನುಗಳನ್ನು ತಡೆಯುವುದು ಅಷ್ಟಕ್ಕಷ್ಟೆ. ಆಸ್ಮಿಯಂನಂಥ ಭಾರಲೋಹ ಹಿಡಿದರೆ ಅದರ ಪೊರೆಗಳು ಕಪ್ಪಗೆ ಮೂಡುತ್ತವೆ. ಆದರೆ ಆಸ್ಮಿಯಂ ಹಸಿರು ಹೊಳಪನ್ನು ನಂದಿಸಿಬಿಡುತ್ತದೆ. ಅದಕ್ಕೇ ಬೆಳಕಿನ ಸರದಿ ಮೊದಲು ಬರುತ್ತದೆ. ಲೋಹ ಹಿಡಿದ ತುಣುಕನ್ನು ರೆಸಿನ್‌ನಲ್ಲಿ ಗಟ್ಟಿ ಮಾಡಿ, ವಜ್ರದ ಅಲಗಿನಿಂದ ಸುಮಾರು 40 ನ್ಯಾನೊಮೀಟರ್ ದಪ್ಪದ ಪದರಗಳಾಗಿ ಕೊಯ್ದರು. ಒಟ್ಟು ಸುಮಾರು 28,000 ಪದರ. ಹನ್ನೆರಡು ಹಗಲು, ಹನ್ನೆರಡು ರಾತ್ರಿ, ಪಾಳಿಯ ಮೇಲೆ ಕಾವಲು. ಸಾಲಾಗಿ ಕೆಲವು ಪದರ ಹರಿದರೆ ನರತಂತುವಿನ ಜಾಡೇ ತಪ್ಪುತ್ತದಲ್ಲ, ಆ ಹೆದರಿಕೆ. ಚಿತ್ರ ತೆಗೆಯಲು ಐದು ಸೂಕ್ಷ್ಮದರ್ಶಕಗಳಿಗೆ ಆರು ತಿಂಗಳು ಹಿಡಿಯಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಕಂಪ್ಯೂಟರ್‌ನಲ್ಲಿ ಪದರಗಳನ್ನು ಜೋಡಿಸಿ ಒಂದೊಂದು ಕೋಶವನ್ನೂ ಬಿಡಿಸಿದರು: 2,00,000ಕ್ಕೂ ಹೆಚ್ಚು ಕೋಶಗಳು, 4 ಕಿಲೋಮೀಟರ್ ನರತಂತು, 52 ಕೋಟಿಗೂ ಮಿಕ್ಕಿದ ಸಿನಾಪ್ಸ್‌ಗಳು. ಇಷ್ಟೂ ಆ ಕಾಳಿನೊಳಗೆ!

ಈಗ ನಿಜವಾದ ಫಜೀತಿ. ಎಲೆಕ್ಟ್ರಾನ್ ಚಿತ್ರ ಬರೀ ಕಪ್ಪು-ಬಿಳುಪು. ಸಿನಿಮಾ ನೋಡುತ್ತ ಹಸಿರಾಗಿ ಮಿನುಗಿದ ಆ ಕೋಶ ಈ ಕಾಡಿನಲ್ಲಿ ಎಲ್ಲಿದೆ? ಸಾಲದ್ದಕ್ಕೆ ಸಂಸ್ಕರಿಸುವಾಗ ಅಂಗಾಂಶ ಕುಗ್ಗಿ ಸೊಟ್ಟಗಾಗಿರುತ್ತದೆ. ಇಲ್ಲಿ ನೆರವಿಗೆ ಬಂದದ್ದು ರಕ್ತನಾಳಗಳು. ಅವು ಎರಡೂ ಬಗೆಯ ಚಿತ್ರಗಳಲ್ಲಿ ಕಾಣುತ್ತವೆ, ಕವಲೊಡೆಯುವ ರೀತಿ ಒಂದೊಂದು ಕಡೆ ಒಂದೊಂದು ಥರ. ಹೊಸ ಊರಿನಲ್ಲಿ ಮನೆ ಹುಡುಕುವವನಿಗೆ ‘ಅರಳಿಕಟ್ಟೆ ದಾಟಿ ಎಡಕ್ಕೆ’ ಎನ್ನುತ್ತೇವಲ್ಲ, ಹಾಗೆ ಕವಲುಗಳ ಗುರುತು ಹಿಡಿದು ಎರಡು ನಕ್ಷೆಗಳನ್ನು ಹೊಂದಿಸಿದರು. ಆಮೇಲೆ ಮನುಷ್ಯರೇ ಕೂತು ಸಾವಿರಾರು ಕೋಶಗಳನ್ನು ಒಂದೊಂದಾಗಿ ತಾಳೆ ನೋಡಿದರು. ಇಡೀ ಕೆಲಸದಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ. ಕೋಟಿಗಟ್ಟಲೆ ಬೆಲೆಯ ಯಂತ್ರಗಳ ನಡುವೆ, ಕೊನೆಗೆ ಪೋಸ್ಟ್‌ಮ್ಯಾನ್ ಕೆಲಸ.

ತಾಳೆಯಾದ ಮೇಲೆ ತಿಳಿದದ್ದು ಏನು ಗೊತ್ತೇ? ಒಂದೇ ಬಗೆಯ ದೃಶ್ಯಕ್ಕೆ ಮಿನುಗುವ ಕೋಶಗಳು ಹೆಚ್ಚಾಗಿ ತಮ್ಮತಮ್ಮಲ್ಲೇ ನಂಟು ಬೆಳೆಸಿರುತ್ತವೆ. ಅಕ್ಕಪಕ್ಕ ಇದ್ದ ಮಾತ್ರಕ್ಕೆ ಅಷ್ಟು ನಂಟು ಆಗುವುದಿಲ್ಲ. ಬೆಳಕು ಇಲ್ಲದಿದ್ದರೆ ‘ಒಂದೇ ಬಗೆ’ ಎಂದು ಹೇಳಲಾಗುತ್ತಿರಲಿಲ್ಲ, ಎಲೆಕ್ಟ್ರಾನ್ ಇಲ್ಲದಿದ್ದರೆ ‘ನಂಟು’ ಕಾಣುತ್ತಿರಲಿಲ್ಲ. ಒಂದು ಘನ ಮಿಲಿಮೀಟರ್ ಮಿದುಳಿನ ಪೂರಾ ಜಾಲವನ್ನೂ ಅದರ ಎಲ್ಲ ನರಕೋಶಗಳ ಮಿಡಿತವನ್ನೂ ತಿಳಿಯಲು ಬಯಸುವುದೇ ವ್ಯರ್ಥ ಎಂದು 1979ರಲ್ಲಿ ವಿಜ್ಞಾನಿ ಫ್ರಾನ್ಸಿಸ್ ಕ್ರಿಕ್ ಬರೆದಿದ್ದರು. ಎಲ್ಲ ಕೋಶಗಳ ಮಿಡಿತ ಈಗಲೂ ಸಿಕ್ಕಿಲ್ಲ, ನಿಜ. ಆದರೂ 2025ರ ಏಪ್ರಿಲ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ನಕ್ಷೆ ಪ್ರಕಟವಾದಾಗ ನನಗೆ ಮೊದಲು ನೆನಪಾದದ್ದು ಆ ಮಾತು.

ಹಾಗಾಗಿ ಮೇಷ್ಟ್ರೇ, ಆ ಹಳೆಯ ಸೂಕ್ಷ್ಮದರ್ಶಕವನ್ನು ಗುಜರಿಗೆ ಹಾಕಬೇಡಿ. ಇಲಿಯ ಮಿದುಳಿನ ಚಿತ್ರಗಳು ಈಗ ಯಾರು ಬೇಕಾದರೂ ನೋಡಲು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ಸಂಜೆ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ನೋಡಿ, ಅವಳು ಏನು ಕೇಳಿದಳೆಂದು ಬರೆಯಿರಿ.