ಅಳತೆ ಕೊಟ್ಟು ಮಾಡಿಸಿದ ಕೋವಿ

ಕಳೆದ ಮಳೆಗಾಲದಲ್ಲಿ ದೊಡ್ಡಪ್ಪ ತೀರಿಕೊಂಡ ಮೇಲೆ, ಅವರು ಬಿಟ್ಟುಹೋದ ವಸ್ತುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಚಿಂತೆಗೆ ಕಾರಣವಾದದ್ದು ಒಂದು ರೈಫಲ್. ಪರವಾನಗಿ ಹೊಂದಿದವರು ಇಲ್ಲವಾದ ಮೇಲೆ ಆಯುಧವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ತಡಮಾಡದೆ ಪೊಲೀಸ್ ಠಾಣೆಯಲ್ಲೋ ಪರವಾನಗಿಯುಳ್ಳ ವ್ಯಾಪಾರಿಯ ಬಳಿಯೋ ಒಪ್ಪಿಸಬೇಕೆಂದು 1959ರ ಶಸ್ತ್ರಾಸ್ತ್ರ ಕಾಯ್ದೆ ಹೇಳುತ್ತದೆ. ಹಾಗೆಯೇ ಪುಣೆಯ ವ್ಯಾಪಾರಿಯೊಬ್ಬರಲ್ಲಿ ಒಪ್ಪಿಸಿದ್ದಾಯಿತು. ದೊಡ್ಡಪ್ಪನ ಮಗಳು ತನ್ನ ಹೆಸರಿಗೆ ಪರವಾನಗಿ ಮಾಡಿಸಿಕೊಳ್ಳಲು ಒಲ್ಲೆನೆಂದಳು. ಉಳಿದದ್ದು ಮಾರುವ ದಾರಿ ಒಂದೇ.

ನಮ್ಮ ಮನೆತನದಲ್ಲಿ ಆ ಕೋವಿಗೆ ಒಂದು ಚರಿತ್ರೆಯಿದೆ. ಮೂಡಿಗೆರೆಯ ಸೀಮೆಯಲ್ಲಿ ನಮ್ಮ ಅಜ್ಜ ಒಬ್ಬ ಇಂಗ್ಲಿಷ್ ದೊರೆಯ ಕಾಫಿ ತೋಟದಲ್ಲಿ ರೈಟರಾಗಿದ್ದರು. ದೊರೆ ತೋಟ ಮಾರಿ ಊರಿಗೆ ಹೊರಟಾಗ ಅದನ್ನು ಅಜ್ಜನಿಗೆ ಕೊಟ್ಟರಂತೆ. ಅಜ್ಜನಿಂದ ಅದು ದೊಡ್ಡಪ್ಪನಿಗೆ ಬಂತು; ಅವರು ಪುಣೆಯ ಕಾರ್ಖಾನೆಗೆ ಸೇರಿದಾಗ ಅವರೊಡನೆ ಇಲ್ಲಿಗೂ ಬಂತು. ಪ್ರತಿ ಆಯುಧಪೂಜೆಯ ದಿನ ಸ್ಕೂಟರಿನ ಕೀಲಿ, ಹೊಲಿಗೆಯಂತ್ರ, ಮೆಟ್ಟುಗತ್ತಿಗಳ ನಡುವೆ ಅದನ್ನು ಮಲಗಿಸಿ ಕುಂಕುಮವಿಟ್ಟು ದೊಡ್ಡಪ್ಪ ಹೇಳುತ್ತಿದ್ದರು: “ಇದು ಅಂಗಡಿಯಲ್ಲಿ ಕೊಂಡದ್ದಲ್ಲ. ಲಂಡನ್ನಿನಲ್ಲಿ ಅಳತೆ ಕೊಟ್ಟು ಮಾಡಿಸಿದ್ದು. ಕಾರ್ಬೆಟ್ ಸಾಹೇಬರ ಕೋವಿಯ ತಮ್ಮ.” 1907ರಲ್ಲಿ ಚಂಪಾವತಿಯ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದದ್ದಕ್ಕಾಗಿ ಜಿಮ್ ಕಾರ್ಬೆಟ್ಟರಿಗೆ ಬಹುಮಾನವಾಗಿ ಬಂದದ್ದು ಲಂಡನ್ನಿನ ರಿಗ್ಬಿ ಸಂಸ್ಥೆಯ .275 ಬೋರಿನ ಹಗುರ ರೈಫಲ್. ನಮ್ಮದೂ ಅದೇ ಬೋರಿನದು. ಕೆನೆತ್ ಆಂಡರ್ಸನ್ನರ ಬೇಟೆಯ ಅನುಭವಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿ ಬೆಳೆದ ನನಗೆ ಆ ಮಾತಿನಲ್ಲಿ ಸಂದೇಹಪಡುವಂಥದ್ದೇನೂ ಕಂಡಿರಲಿಲ್ಲ.

“ನೀನು ಜೀವಮಾನವೆಲ್ಲ ಅಳತೆ ನೋಡಿದವನು, ನೀನೇ ಹೋಗಿ ನೋಡಿಬಾರಪ್ಪ” ಎಂದರು ದೊಡ್ಡಮ್ಮ. “ಅವರು ಹೇಳುತ್ತಿದ್ದ ಮರ್ಯಾದೆಗೆ ತಕ್ಕ ಬೆಲೆ ಬರಬೇಕು.” ಚಿಂಚವಡದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ತಪಾಸಣೆಯ ಕೆಲಸ ಮಾಡಿ ನಿವೃತ್ತನಾದವನು ನಾನು. ಕೋವಿಯ ಪರಿಣತ ನಾನಲ್ಲ. ಆದರೆ ಲೋಹವನ್ನು ಓದಬಲ್ಲೆನೆಂಬ ಧೈರ್ಯವಿತ್ತು.

ಅಂಗಡಿಯ ಹಿಂಬದಿಯಲ್ಲಿ ವೃದ್ಧ ಮಿಸ್ತ್ರಿಯೊಬ್ಬರು ರೈಫಲನ್ನು ಹೊರತೆಗೆದು, ಮೊದಲು ಬೋಲ್ಟನ್ನು ಎಳೆದು ತೆಗೆದು, ಒಳಗೆ ತೋಟಾ ಇಲ್ಲವೆಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು ನನ್ನ ಕೈಗಿತ್ತರು. ತಕ್ಕಡಿಯಲ್ಲಿ ತೂಗಿದರೆ 3.2 ಕಿಲೋ. ಮೊದಲ ಮಹಾಯುದ್ಧದ ಜರ್ಮನ್ ಸೈನಿಕ ಹೊತ್ತ ಮೌಸರ್ ರೈಫಲ್ ನಾಲ್ಕು ಕಿಲೋಗಿಂತ ತುಸು ಹೆಚ್ಚು ತೂಗುತ್ತಿತ್ತು. ಗುಡ್ಡ ಹತ್ತಿ ಇಳಿಯುವವನಿಗೆ ಆ ಒಂದು ಕಿಲೋದ ವ್ಯತ್ಯಾಸ ಸಣ್ಣದಲ್ಲ. ಹಗುರ ರೈಫಲ್ ಮಾಡುವವರು ನಳಿಗೆಯನ್ನು ತೆಳುವಾಗಿ ಇಳಿಸುತ್ತಾರೆ, ಮುಂಭಾಗದ ಮರವನ್ನು ಮೊಟಕುಗೊಳಿಸುತ್ತಾರೆ. ಇದರಲ್ಲಿ ಎರಡೂ ಆಗಿತ್ತು. ಒಳ್ಳೆಯ ಕೈಯಿಂದ ಆಗಿತ್ತು.

ನಳಿಗೆಯ ಮೇಲೆ ತಯಾರಕರ ಹೆಸರಿರಲಿಲ್ಲ. “ಉಜ್ಜಿ ಉಜ್ಜಿ ಅಳಿಸಿಹೋಯಿತು” ಎಂಬುದು ದೊಡ್ಡಪ್ಪನ ವಿವರಣೆ. ಆದರೆ ಭೂತಗನ್ನಡಿಯ ಕೆಳಗೆ, ನಳಿಗೆಯ ಬುಡದಲ್ಲಿ, ಕಿರೀಟದ ಅಡಿಯಲ್ಲಿ ಬಿ, ಎನ್, ಪಿ ಎಂಬ ಪುಟ್ಟ ಅಕ್ಷರಗಳು ಚೂಪಾಗಿಯೇ ಇದ್ದವು. ಬ್ರಿಟನ್ನಿನಲ್ಲಿ ಕೋವಿಗಳನ್ನು ಹೆಚ್ಚಿನ ಒತ್ತಡದ ತೋಟಾದಿಂದ ಪರೀಕ್ಷಿಸಿ ಮುದ್ರೆಯೊತ್ತುವ ಮನೆಗಳು ಎರಡು: ಒಂದು ಲಂಡನ್ನಿನದು, ಇನ್ನೊಂದು ಬರ್ಮಿಂಗ್‌ಹ್ಯಾಮಿನದು. ಇದು ಎರಡನೆಯದರ ಮುದ್ರೆ. ಇಷ್ಟರಿಂದಲೇ ಲಂಡನ್ನಿನ ಮಾತು ಸುಳ್ಳಾಗುವುದಿಲ್ಲ. ಆದರೆ ಕೂದಲೆಳೆಯಷ್ಟು ಆಳದ ಮುದ್ರೆ ಉಳಿದು, ಅದರ ಪಕ್ಕದಲ್ಲಿ ಕೊರೆದ ಹೆಸರು ಮಾತ್ರ ಅಳಿಸಿಹೋಗುವುದು ಹೇಗೆ?

ಮಿಸ್ತ್ರಿ ಮಾತಾಡದೆ ಬೆರಳಿಟ್ಟು ತೋರಿಸಿದ್ದು ಬೋಲ್ಟ್ ಓಡಾಡುವ ಉಕ್ಕಿನ ಚೌಕಟ್ಟಿನ ಎಡಗೋಡೆಯನ್ನು. ಅಲ್ಲಿ ಹೆಬ್ಬೆರಳು ಕೂರುವಷ್ಟು ಒಂದು ತಗ್ಗು. ಸೈನಿಕನು ಐದು ತೋಟಾಗಳನ್ನು ಕ್ಲಿಪ್ಪಿನಿಂದ ಒಮ್ಮೆಗೇ ಒಳಕ್ಕೆ ಒತ್ತುವಾಗ ಹೆಬ್ಬೆರಳಿಗೆ ಜಾಗ ಬೇಕೆಂದು ಮಾಡಿದ್ದು ಅದು. ಬೇಟೆಗೆಂದೇ ಮಾಡಿದ ಮೌಸರ್ ಚೌಕಟ್ಟುಗಳಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ. ಚೌಕಟ್ಟಿನ ಮುಂಭಾಗದ ಉಂಗುರದ ನೆತ್ತಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಚಪ್ಪಟೆಯಾದ ಸಣ್ಣ ಜಾಗ ಕಾಣುತ್ತಿತ್ತು: ಯಾವುದೋ ಸೈನ್ಯದ ಲಾಂಛನವನ್ನು ಅರೆದು ತೆಗೆದ ಗುರುತು. ಬೋಲ್ಟಿನ ಸಂಖ್ಯೆಗೂ ಚೌಕಟ್ಟಿನ ಸಂಖ್ಯೆಗೂ ಹೊಂದಿಕೆಯಿರಲಿಲ್ಲ. ಯುದ್ಧದಿಂದ ಹೊರಬಿದ್ದ ರೈಫಲಿಗೆ ಯಾರೋ ಹೊಸ ನಳಿಗೆ ತೊಡಿಸಿ, ಹೊಸ ಮರ ಹಾಕಿ, ಬೇಟೆಯ ಕೋವಿಯಾಗಿಸಿದ್ದರು.

ಬೇರೆ ರೈಫಲಿನ ಬೋಲ್ಟ್ ಎಂದಾದ ಮೇಲೆ ಅದು ಸುರಕ್ಷಿತವೇ ಎಂಬ ಪ್ರಶ್ನೆ ಬರುತ್ತದೆ. ಮಿಸ್ತ್ರಿಯ ಪೆಟ್ಟಿಗೆಯಲ್ಲಿ ಇದಕ್ಕೆ ಎರಡು ಗೇಜುಗಳಿದ್ದವು. ಒಂದರ ಮೇಲೆ ಬೋಲ್ಟ್ ಮುಚ್ಚಬೇಕು, ಇನ್ನೊಂದರ ಮೇಲೆ ಮುಚ್ಚಬಾರದು. ‘ಗೋ’, ‘ನೋ ಗೋ’: ನಾನು ದಿನಕ್ಕೆ ನೂರು ಸಲ ಹಿಡಿಯುತ್ತಿದ್ದ ಗೇಜುಗಳ ತತ್ತ್ವವೇ. ಮೊದಲನೆಯದಕ್ಕೆ ಬೋಲ್ಟ್ ಮೃದುವಾಗಿ ಕೂತಿತು, ಎರಡನೆಯದಕ್ಕೆ ಅರ್ಧದಲ್ಲೇ ನಿಂತಿತು. ನಳಿಗೆಯ ಒಳಗಿನ ಸುರುಳಿಗೆರೆಗಳು ಕನ್ನಡಿಯಂತಿದ್ದವು. ಹಳೆಯ ತೋಟಾಗಳ ಸಿಡಿಮದ್ದು ಒಂದು ಬಗೆಯ ಉಪ್ಪನ್ನು ಉಳಿಸಿ, ಆ ಉಪ್ಪು ತೇವವನ್ನೆಳೆದು ನಳಿಗೆಯನ್ನು ತುಕ್ಕಿಗೆ ಈಡುಮಾಡುತ್ತದೆ. ಎಣ್ಣೆಗೆ ಅದು ಕರಗದು, ನೀರಿಗೆ ಕರಗುತ್ತದೆ. ಈಡು ಹೊಡೆದು ಬಂದ ರಾತ್ರಿಯೇ ಅಜ್ಜ ಹಂಡೆಯ ಬಿಸಿನೀರನ್ನು ನಳಿಗೆಗೆ ಸುರಿಯುತ್ತಿದ್ದರೆಂದು ಅಪ್ಪ ಹೇಳಿದ್ದು ನೆನಪಾಯಿತು. ಮಲೆನಾಡಿನ ಅಷ್ಟು ಮಳೆಯನ್ನು ಆ ನಳಿಗೆ ಗೆದ್ದದ್ದು ಹಾಗೆ.

ಕೊನೆಯಲ್ಲಿ ಮರದ ಹಿಡಿಯನ್ನು ಅಳೆದೆ. ಕುದುರೆಯಿಂದ ಹಿಡಿಯ ತುದಿಯವರೆಗಿನ ಉದ್ದವೇ ಅಳತೆ ಕೊಟ್ಟು ಮಾಡಿಸಿದ ಕೋವಿಯ ಮುಖ್ಯ ಗುರುತು. ಅದು ಹಿಡಿಯುವವನ ತೋಳಿಗೆ ಹೊಂದಬೇಕು. ಇದು ಹನ್ನೆರಡೂವರೆ ಅಂಗುಲವಿತ್ತು. ದೊಡ್ಡ ಆಳಿಗೆ ಹದಿನಾಲ್ಕರ ಆಸುಪಾಸು ಬೇಕು. ತುದಿಯ ಲೋಹದ ತಗಡನ್ನು ಬಿಚ್ಚಿದಾಗ ಒಳಗಿನ ಮರದಲ್ಲಿ ಕೈಗರಗಸದ ಹಲ್ಲಿನ ಗೆರೆಗಳು ಅಂಕುಡೊಂಕಾಗಿದ್ದವು. ಹಗುರ ನಳಿಗೆಯನ್ನು ಅಷ್ಟು ನಾಜೂಕಾಗಿ ಕೂರಿಸಿದ ಕೈಯ ಕೆಲಸ ಅದಾಗಿರಲಿಲ್ಲ. ಬಹಳ ಕಾಲದ ಮೇಲೆ ಬೇರೆ ಯಾರೋ ಕುಯ್ದಿದ್ದರು.

ವ್ಯಾಪಾರಿಗೆ ಗಿರಾಕಿಯೊಬ್ಬರು ಸಿದ್ಧರಿದ್ದರು. ಲಂಡನ್ನಿನ ರೈಫಲ್ ಎಂದರೆ ಒಂದು ಬೆಲೆ, ಸೈನ್ಯದ ಮೌಸರಿನಿಂದ ಮಾರ್ಪಟ್ಟದ್ದೆಂದರೆ ಅದರ ಸಣ್ಣ ಪಾಲು. “ಮನೆಯವರು ಹೇಳುವ ಕಥೆಯನ್ನು ಹೇಳಿ, ನಂಬುವುದು ಬಿಡುವುದು ಅವರಿಗೆ ಸೇರಿದ್ದು” ಎಂದರು ವ್ಯಾಪಾರಿ. ಅದರಲ್ಲಿ ಕಾನೂನಿನ ತಪ್ಪೇನೂ ಇರಲಿಲ್ಲವೇನೋ. ಆದರೆ ಕಂಡದ್ದನ್ನು ಕಾಣಲಿಲ್ಲವೆಂದು ಬರೆಯುವ ಅಭ್ಯಾಸ ನನ್ನ ಕೈಗಿಲ್ಲ.

ದೊಡ್ಡಮ್ಮನಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅವರು ಸಿಟ್ಟಾದರು. “ಸತ್ತವರನ್ನು ಸುಳ್ಳುಗಾರರನ್ನಾಗಿ ಮಾಡುತ್ತಿದ್ದೀಯಲ್ಲೋ?” ಎಂದರು. ದೊಡ್ಡಪ್ಪ ಸುಳ್ಳಾಡಲಿಲ್ಲ, ಕೇಳಿದ್ದನ್ನು ನಂಬಿ ಹೇಳಿದರು ಎಂದೆ. ಅದು ಅವರಿಗೆ ಸಮಾಧಾನ ತರಲಿಲ್ಲ. ಊರು ಬಿಟ್ಟು ಬಂದವರ ಮನೆಗಳಲ್ಲಿ ಹಳೆಯ ವಸ್ತುಗಳು ಸಾಕ್ಷಿ ನುಡಿಯಲು ಇರುತ್ತವೆ: ನಾವೂ ಒಂದು ಕಾಲಕ್ಕೆ ಎಲ್ಲಿಗೋ ಸೇರಿದವರಾಗಿದ್ದೆವು ಎಂದು. ಆ ಸಾಕ್ಷಿಯನ್ನೇ ನಾನು ಅಡ್ಡಸವಾಲಿಗೆ ಒಳಪಡಿಸಿಬಿಟ್ಟಿದ್ದೆ.

ಬಹಳ ಹೊತ್ತಿನ ಮೇಲೆ ಹಿಡಿಯ ಉದ್ದದ ಮಾತು ತೆಗೆದೆ. ದೊಡ್ಡಪ್ಪ ಆರಡಿಯ ಆಳು. ಆ ಕೋವಿ ಅವರಿಗೆ ಎಂದೂ ಹೊಂದಲಿಲ್ಲ, ಈಡು ಹೊಡೆದಾಗಲೆಲ್ಲ ಹೆಬ್ಬೆರಳು ಮೂಗಿಗೆ ಬಡಿಯುತ್ತಿತ್ತೆಂದು ಅವರೇ ನಗುತ್ತಿದ್ದರು. ದೊಡ್ಡಮ್ಮ ತಲೆಯೆತ್ತಿದರು. “ಮಾವನವರು ಗಿಡ್ಡ” ಎಂದರು. “ನಾನು ಮದುವೆಯಾಗಿ ಬಂದಾಗ ಅಟ್ಟದ ಮೇಲೆ ಅವರ ಕೈಗರಗಸವಿತ್ತು. ಮಂಚದ ಕಾಲಿನಿಂದ ಹಿಡಿದು ಎಲ್ಲವನ್ನೂ ತಮ್ಮ ಎತ್ತರಕ್ಕೆ ಕುಯ್ದುಕೊಳ್ಳುವರು.” ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಹಾಗಾದರೆ ಅಳತೆಯ ಕೋವಿ ಎಂಬುದು ಸುಳ್ಳಲ್ಲ?”

ಅಲ್ಲ ಎಂದೆ. ಅಳತೆ ಮಾತ್ರ ದೊರೆಯದಲ್ಲ.

1972ರ ವನ್ಯಜೀವಿ ಕಾಯ್ದೆಯ ನಂತರ ಅದು ಯಾವ ಪ್ರಾಣಿಯ ಮೇಲೂ ಈಡು ಹಾರಿಸಿರಲಿಲ್ಲ. ಈಗ ಅದನ್ನು ಕೊಂಡವರು ಗುರಿ ಅಭ್ಯಾಸ ಮಾಡುವವರು. ಮುದ್ರೆ, ತಗ್ಗು, ಸಂಖ್ಯೆಗಳು, ಗೇಜಿನ ಫಲಿತಾಂಶ, ಹಿಡಿಯ ಉದ್ದ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. ಸಿಕ್ಕ ಬೆಲೆ ದೊಡ್ಡಮ್ಮ ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆ. ಕೊಂಡವರು ತಮ್ಮ ತೋಳಿಗೆ ಸರಿಯಾಗಿ ಹಿಡಿಗೆ ತುಂಡೊಂದನ್ನು ಸೇರಿಸಿಕೊಳ್ಳುವರಂತೆ. ಈ ವರ್ಷದ ಆಯುಧಪೂಜೆಗೆ ದೊಡ್ಡಮ್ಮ ನನ್ನ ಹಳೆಯ ವರ್ನಿಯರ್ ಕ್ಯಾಲಿಪರನ್ನು ತರಿಸಿಕೊಂಡು, ಕೋವಿ ಮಲಗುತ್ತಿದ್ದ ಜಾಗದಲ್ಲಿ ಇಟ್ಟು ಕುಂಕುಮ ಹಚ್ಚಿದರು. ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.