ಹತ್ತಿಕಾಳಿನ ಸಾಹುಕಾರ

ಕುಮಟೆಯ ಹಳೆಯ ವ್ಯಾಪಾರಿಗಳ ಮನೆಗೆ ಹೋದರೆ ಚಹಾ ಬರುವುದರೊಳಗೆ ಒಂದು ಹತ್ತಿಯ ಕಥೆ ಬಂದಿರುತ್ತದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದಂತಾದಾಗ ಧಾರವಾಡ ಸೀಮೆಯ ಹತ್ತಿಗೆ ಬೆಲೆಯೋ ಬೆಲೆ. ಅದು ಘಟ್ಟ ಇಳಿದು ಕುಮಟೆ ಬಂದರಿಗೆ ಬಂದು ಮುಂಬಯಿಯ ಹಡಗು ಹತ್ತುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಲಿವರ್‌ಪೂಲ್ ಪೇಟೆಯಲ್ಲಿ ಅದರ ಹೆಸರು ಕುಮಟಾ ಹತ್ತಿ. ನಮ್ಮ ಮನೆಯಲ್ಲಿ ಮಾತ್ರ ಅಂಥ ಕಥೆ ಇರಲಿಲ್ಲ. ಆ ಕೊರತೆಯನ್ನು ನಾನು ನೀಗಿಸಿದೆ.

ನಿವೃತ್ತನಾದವನಿಗೆ ಮನೆತನದ ಚರಿತ್ರೆ ಬರೆಯುವ ಹುಚ್ಚು ಹಿಡಿಯುವುದು ಸಾಮಾನ್ಯ. ಕುಟುಂಬದವರೆಲ್ಲ ಕುಮಟೆಯಲ್ಲಿ ಸೇರುವುದು, ಆಗ ಒಂದು ಸ್ಮರಣ ಸಂಚಿಕೆ ತರುವುದು ಎಂದಾದಾಗ ಆ ಕೆಲಸ ನನ್ನ ಹೆಗಲಿಗೆ ಬಂತು. ಬಂತು ಅನ್ನುವುದಕ್ಕಿಂತ, ನಾನೇ ಎಳೆದುಕೊಂಡೆ. ಅಟ್ಟ ಹತ್ತಿ ಹುಡುಕಿದಾಗ ಕೆಂಪು ಬಟ್ಟೆಯ ರಟ್ಟಿನ ಒಂದು ಕಿರ್ದಿ ಸಿಕ್ಕಿತು. ಮೊದಲ ಪುಟದಲ್ಲಿ ಶ್ರೀಕಾರ, ಕೆಳಗೆ ಅಜ್ಜನ ಅಜ್ಜನ ಹೆಸರು. ಅದರ ಕೆಳಗೆ ‘ರಕ್ತಾಕ್ಷಿ ಸಂವತ್ಸರ, ಕಾರ್ತೀಕ ಶುದ್ಧ ಪಾಡ್ಯ, ಬುಧವಾರ’. ಶಕೆಯ ಅಂಕಿ ಇರಬೇಕಾದ ಮೂಲೆಯನ್ನು ಗೆದ್ದಲು ತಿಂದಿತ್ತು. ಪಂಚಾಂಗ ತೆಗೆದು ಲೆಕ್ಕ ಹಾಕಿದೆ: ರಕ್ತಾಕ್ಷಿ ಅಂದರೆ 1864. ಹತ್ತಿಯ ಸುಗ್ಗಿ ತುತ್ತತುದಿಯಲ್ಲಿದ್ದ ಕಾಲ! ನಾಲ್ಕನೆಯ ಪುಟದಲ್ಲಿ ‘ಹತ್ತಿ’ ಎಂಬ ಎರಡಕ್ಷರ ಕಂಡಾಗ ಅಟ್ಟದ ಮೇಲೆ ಒಬ್ಬನೇ ಕೂತು ನಕ್ಕಿದ್ದೆ. ಪಕ್ಕದಲ್ಲಿ ‘ಮ’ದಿಂದ ಶುರುವಾಗುವ, ಮಸಿ ಮಾಸಿದ ಒಂದು ಪದ, ಆಮೇಲೆ ‘ಬಾಡಿಗೆ’. ಕರಾವಳಿಯವನಿಗೆ ಅದು ಮಚವೆಯಲ್ಲದೆ ಇನ್ನೇನು?

ಮುಂದಿನದು ಸಲೀಸು. 1883ರ ಗ್ಯಾಝೆಟಿಯರಿನ ಕೆನರಾ ಸಂಪುಟದಿಂದ ಬಂದರಿನ ವರ್ಣನೆ ಎತ್ತಿಕೊಂಡೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದನ್ನು ಪೀಠಿಕೆಗೆ ಹಾಕಿದೆ. ಅಬ್ರಹಾಂ ಲಿಂಕನ್ ಎರಡು ಸಲ ಬಂದು ಹೋದ. ಅಜ್ಜನ ಅಜ್ಜ ಮಚವೆ ಬಾಡಿಗೆ ಹಿಡಿದು ಮುಂಬಯಿಗೆ ಹತ್ತಿ ಕಳಿಸಿದ, 1865ರಲ್ಲಿ ಯುದ್ಧ ಮುಗಿದು ಬೆಲೆ ನೆಲಕಚ್ಚುವ ಮೊದಲೇ ಜಾಣತನದಿಂದ ಕೈ ತೊಳೆದುಕೊಂಡ ಎಂದೆಲ್ಲ ಬರೆದೆ. ಆ ಜಾಣತನಕ್ಕೆ ಆಧಾರ ಏನೆಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಸಾಕ್ಷಿಗಿರಲಿ ಎಂದು ಆ ನಾಲ್ಕನೆಯ ಪುಟದ ಫೋಟೋವನ್ನು ಇಡೀ ಪುಟಕ್ಕೆ ಅಚ್ಚು ಹಾಕಿಸಿದೆ.

ಸಂಚಿಕೆ ಬಿಡುಗಡೆಯಾಯಿತು, ಭಾಷಣವೂ ಆಯಿತು, ಚಪ್ಪಾಳೆಯೂ ಬಿತ್ತು. ಊಟದ ಪಂಕ್ತಿ ಏಳುವ ಹೊತ್ತಿಗೆ ಭಟ್ಕಳದಿಂದ ಬಂದಿದ್ದ ಸೋದರತ್ತೆ ಕರೆದಳು. ತೊಂಬತ್ತರ ಹತ್ತಿರದ ವಯಸ್ಸು. ಕಿವಿ ಮಂದ, ಕಣ್ಣು ಮಾತ್ರ ಚುರುಕು. ಮಡಿಲಲ್ಲಿ ಸಂಚಿಕೆ, ಕೈಯಲ್ಲಿ ಭೂತಗನ್ನಡಿ.

“ಹೌದೋ ಮಾರಾಯಾ, ಇದು ನನ್ನ ಅಪ್ಪಯ್ಯನ ಅಕ್ಷರ ಅಲ್ವನಾ? ಅವನನ್ನ ಯಾವಾಗ ಲಿಂಕನ್ನನ ಕಾಲಕ್ಕೆ ಕಳಿಸಿದೆ?”

ಅವಳ ಅಪ್ಪಯ್ಯ ಎಂದರೆ ನನ್ನ ಅಜ್ಜ. ಭೂತಗನ್ನಡಿಯನ್ನು ನನ್ನ ಕೈಗೇ ಕೊಟ್ಟಳು. ‘ಹತ್ತಿ’ಯ ಮುಂದೆ, ಮಡಿಕೆ ಬಿದ್ದಲ್ಲಿ, ಇನ್ನೆರಡು ಅಕ್ಷರಗಳಿದ್ದವು. ಹತ್ತಿಕಾಳು, ಎರಡು ಮಣ. ದನಕ್ಕೆ ಹಾಕಲು ತಂದದ್ದು. ಮಚವೆ ಮಚವೆಯಾಗಿರಲಿಲ್ಲ. ‘ಮೋಟಾರು ಬಾಡಿಗೆ’. ಶಿರಸಿಯಿಂದ ಅಡಿಕೆ ತರಿಸಿದ ಬಾಬ್ತು. “ಅರವತ್ತನಾಲ್ಕನೇ ಇಸವಿಯಲ್ಲಿ ದೇವಿಮನೆ ಘಟ್ಟದಲ್ಲಿ ಮೋಟಾರು ಯಾರು ಓಡಿಸ್ತಿದ್ರೋ?” ಎಂದು ಅವಳು ಕೇಳಿದ್ದು ಕಿವಿ ಮಂದವಿರುವವರ ದೊಡ್ಡ ಗಂಟಲಿನಲ್ಲಿ. ಕೈ ತೊಳೆಯಲು ಸಾಲು ನಿಂತಿದ್ದವರೆಲ್ಲ ತಿರುಗಿ ನೋಡಿದರು. ಸೊಸೆಯಂದಿರು ಸೆರಗು ಬಾಯಿಗೆ ಹಿಡಿದರು. ಒಬ್ಬ ಹುಡುಗ ಆ ಪುಟದ ಫೋಟೋ ತೆಗೆದು ಅಲ್ಲೇ ಯಾರಿಗೋ ಕಳಿಸಿದ. ಸಂಜೆಯ ಬಸ್ಸಿಗೆ ಹೊರಡುವವರು “ಬರ್ತೇವೆ ಸಾಹುಕಾರ್ರೇ” ಎಂದು ಹೇಳಿಯೇ ಹೋದರು.

ಅರವತ್ತು ವರ್ಷಕ್ಕೊಮ್ಮೆ ಸಂವತ್ಸರ ತಿರುಗಿ ಬರುತ್ತದೆ ಎಂಬುದು ಶಾಲೆಯ ಹುಡುಗನಿಗೂ ಗೊತ್ತು. 1864 ರಕ್ತಾಕ್ಷಿಯಾದರೆ 1924ರದ್ದೂ ರಕ್ತಾಕ್ಷಿಯೇ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ರೂಢಿ ನಮ್ಮಲ್ಲಿದೆ, ಹಾಗಾಗಿ ಶ್ರಾದ್ಧದಲ್ಲಿ ಮೂರು ತಲೆಯ ಹೆಸರು ಹೇಳುವಾಗ ಒಂದೇ ಹೆಸರು ಎರಡು ಸಲ ಬರುವುದುಂಟು. ಇದೆಲ್ಲ ನನಗೂ ಗೊತ್ತಿತ್ತು. ಆದರೆ ಅಟ್ಟ ಹತ್ತುವಾಗಲೇ ನಾನು ಒಬ್ಬ ಸಾಹುಕಾರನನ್ನು ಹುಡುಕುತ್ತಿದ್ದೆ. ಅಡಿಕೆ, ಉಪ್ಪು, ತೆಂಗಿನಕಾಯಿ ಎಂದು ಸಾಲುಗಟ್ಟಲೆ ಬರೆದಿದ್ದ ಪುಟಗಳನ್ನೆಲ್ಲ ಮಗುಚಿ ಹಾಕಿ ಎರಡಕ್ಷರದ ಮೇಲೆ ಬಂಗಲೆ ಕಟ್ಟಿದ್ದೆ. ಅಚ್ಚಿಗೆ ಕೊಡುವ ಮೊದಲು ಭಟ್ಕಳಕ್ಕೆ ಹೋಗಿ ಅತ್ತೆಯನ್ನು ಒಂದು ಮಾತು ಕೇಳಬಹುದಿತ್ತು. ಹೆಂಗಸರಿಗೆ ಅಂಗಡಿಯ ಲೆಕ್ಕ ಏನು ಗೊತ್ತಿರುತ್ತದೆ ಎಂದು ಮನಸ್ಸಿನ ಮೂಲೆಯಲ್ಲಿ ಇತ್ತೇನೋ. ಇತ್ತು.

ನಿಜವಾದ ಅಜ್ಜನ ಅಜ್ಜ ಸಿಕ್ಕಿದ್ದು ಆಮೇಲೆ, ಅತ್ತೆಯ ಟ್ರಂಕಿನಲ್ಲಿ. ರಾಣಿಯ ತಲೆಯಿರುವ ಒಂದು ಛಾಪಾಕಾಗದ. ಇಸವಿ ಇಂಗ್ಲಿಷ್ ಅಂಕಿಗಳಲ್ಲೇ ಇತ್ತು, 1870ರ ದಶಕದ್ದು. ಅವನ ಅಂಗಡಿ ಇದ್ದದ್ದು ಕುಮಟೆಯಲ್ಲಲ್ಲ, ಹೊನ್ನಾವರದಲ್ಲಿ. ಮಾರುತ್ತಿದ್ದದ್ದು ಉಪ್ಪು ಮತ್ತು ಜೋನಿಬೆಲ್ಲ ಎಂದು ಅತ್ತೆ ತನ್ನ ಅಜ್ಜಿಯಿಂದ ಕೇಳಿದ್ದಳಂತೆ. ಮಗಳ ಮದುವೆಗಾಗಿ ಆ ಅಂಗಡಿಯನ್ನು ಅಡವಿಟ್ಟ ಪತ್ರ ಅದು. ಕೊನೆಗೆ ಅವನ ರುಜು: ದಪ್ಪ ಅಕ್ಷರ, ಓರೆಯಾಗಿ ಮೇಲಕ್ಕೆ ಹತ್ತಿದ ಸಾಲು, ಕಡೆಯ ಒತ್ತಕ್ಷರ ಬರೆಯುವಾಗ ಮಸಿ ತೊಟ್ಟಿಕ್ಕಿದೆ. ಅಂಗಡಿ ಬಿಡಿಸಿಕೊಂಡ ಕಾಗದ ಟ್ರಂಕಿನಲ್ಲಿ ಇರಲಿಲ್ಲ. ಲಿವರ್‌ಪೂಲಿಗೂ ಅವನಿಗೂ ಯಾವ ಸಂಬಂಧವೂ ಇಲ್ಲ.

ನಿಮ್ಮ ಅಟ್ಟದಲ್ಲೂ ಇಂಥ ಕಿರ್ದಿ ಇದ್ದರೆ ಸಂವತ್ಸರವೊಂದನ್ನೇ ನಂಬಬೇಡಿ. ಶಾಲಿವಾಹನ ಶಕೆ ಇದ್ದರೆ ಅದಕ್ಕೆ 78 ಕೂಡಿಸಿ. ಗೆದ್ದಲು ತಿಂದಿದ್ದರೆ ತಿಥಿಗೂ ವಾರಕ್ಕೂ ತಾಳೆ ನೋಡಿ. 1864ರ ಬಲಿಪಾಡ್ಯ ಸೋಮವಾರ, 1924ರದ್ದು ಬುಧವಾರ. ಮತ್ತೆ, ಮನೆಯಲ್ಲಿ ತೊಂಬತ್ತರ ಅತ್ತೆಯೋ ದೊಡ್ಡಮ್ಮನೋ ಇದ್ದರೆ ಪ್ರೆಸ್ಸಿಗೆ ಹೋಗುವ ಮೊದಲು ಅವರ ಮನೆಗೆ ಹೋಗಿ ಬನ್ನಿ.